ಎಂಟು ಗಂಟೆಯ ರಕ್ತ

ಎಂಟಕ್ಕೇ ಬರಬೇಕು ಎಂದಿದ್ದರು.
ಹತ್ತಾದರೆ ಆ ರಕ್ತವೇ ಬೇರೆಯಂತೆ,
ಸಂಜೆಯದು ಲೆಕ್ಕಕ್ಕೇ ಇಲ್ಲವಂತೆ.
ಸಕ್ರೆಬೈಲಿನಲ್ಲಿ ಮೊದಲ ಬಸ್ಸಿಗೆ ಕೈ ಅಡ್ಡ ಹಿಡಿದೆ;
ಗಾಜನೂರು ದಾಟಿದರೂ ಡ್ರೈವರ್ ದೀಪ ಆರಿಸಿರಲಿಲ್ಲ.
ಜೇಬಿನಲ್ಲಿ ಕಂದು ಪಂಪು. ಇವತ್ತು ಬೆಳಿಗ್ಗೆ ಎಳೆಯುವಂತಿಲ್ಲ.
ಹನ್ನೆರಡು ವರ್ಷದಲ್ಲಿ ಮೊದಲ ಸಲ
ಮುಟ್ಟಿ ನೋಡಿ ಸುಮ್ಮನಾದೆ.

ದುರ್ಗಿಗುಡಿಯ ಲ್ಯಾಬಿನಲ್ಲಿ ಹುಡುಗಿ ಕೂಗಿದಳು:
ಸನಾವುಲ್ಲಾ, ಐವತ್ತೊಂದು, ಕಾವಾಡಿ.
ಕಾವಾಡಿ ಅಂದರೆ? ಎಂದಳು ಪಕ್ಕದವಳು.
ಆನೆ ನೋಡಿಕೊಳ್ಳೋರು ಕಣೇ, ಎನ್ನುತ್ತ ಇವಳು
ತೋಳಿಗೆ ರಬ್ಬರ್ ಬಿಗಿದು,
"ಆನೆ ಮೇಲಿಂದ ಬಿದ್ದಿರಂತಲ್ಲ?"

ಬಿದ್ದದ್ದಲ್ಲ, ಇಳಿದೆ.
ಇಳಿದ ಮೇಲೆ ನೆಲ ನಿಲ್ಲಲಿಲ್ಲ.
ಮೂರು ತಿಂಗಳಿಂದ ಹೀಗೆ: ಎದ್ದರೆ ಕಣ್ಣಿಗೆ ಕತ್ತಲೆ,
ಅನ್ನ ಕಂಡರೆ ಹೊಟ್ಟೆ ತೊಳಸು,
ಬೆಲ್ಟಿಗೆ ಮೊಳೆಯಿಂದ ಹೊಡೆದ ಇನ್ನೆರಡು ತೂತು.
ಅವತ್ತು ಕಸ್ತೂರಿಯೇ ಸೊಂಡಿಲು ಚಾಚಿ ಭುಜ ಹಿಡಿದಳು.
ಅದನ್ನು ಯಾರಿಗೂ ಹೇಳಿಲ್ಲ, ಜೈಬುನ್ನಿಸಾಗೂ.

ಹುಲ್ಲು, ಬತ್ತ, ಬೆಲ್ಲ ಸೇರಿಸಿ ಕುಸುರೆ ಕಟ್ಟುವ ಕೈ ನಮ್ಮದು.
ಆ ಹುಲ್ಲಿನ ಧೂಳೇ ಎದೆಗಿಳಿದು ರಾತ್ರಿಯೆಲ್ಲ ಸಿಳ್ಳೆ ಹೊಡೆಯಿತು.
ಪಂಪು ಬಂತು. ಮೊದಲು ಎರಡು ಎಳೆತ, ಆಮೇಲೆ ನಾಲ್ಕು,
ಆಮೇಲೆ ನಾನೇ ಸೇರಿಸಿಕೊಂಡ ಇನ್ನೆರಡು.
ಉಸಿರು ಬಂತಲ್ಲ, ಲೆಕ್ಕ ಯಾರು ಕೇಳುತ್ತಾರೆ?

ಡಾಕ್ಟರ್ ಹರಿಣಿ ಕೇಳಿದರು.
ಚೀಟಿಯ ಹಿಂದೆ ಎರಡು ಹಲಸಿನ ಬೀಜ ಬರೆದು
ತಲೆಗೊಂದೊಂದು ಟೋಪಿ ಇಟ್ಟರು.
"ಬೀಜ ಅಲ್ಲ, ಮೂತ್ರಪಿಂಡ. ಬೆಳಗಾದರೆ ಈ ಟೋಪಿ
ಮೈಗೆಲ್ಲ ಒಂದು ರಸ ಕಳಿಸಬೇಕು, ನಿಮ್ಮನ್ನು ಎಬ್ಬಿಸಿ ನಿಲ್ಲಿಸುವ ರಸ.
ನಿಮ್ಮ ಪಂಪಿನಲ್ಲಿರುವುದೂ ಅದರ ದಾಯಾದಿಯೇ.
ಹೊರಗಿಂದ ದಿನಾ ಬಂದು ಬೀಳುತ್ತಿದ್ದರೆ
ಒಳಗಿನವರು ಯಾಕೆ ದುಡಿಯುತ್ತಾರೆ ಹೇಳಿ?"

ನನಗೆ ತಿಳಿಯಿತು.
ಕಸ್ತೂರಿಗೂ ದಿನಾ ಕುಸುರೆ ಕೊಡುತ್ತೇವೆ.
ಆದರೂ ಸಂಜೆ ಕಾಲಿಗೆ ಉದ್ದ ಸರಪಳಿ ಬಿಟ್ಟು ಕಾಡಿಗೆ ಅಟ್ಟುತ್ತೇವೆ,
ಬಿದಿರು ಮುರಿಯಲಿ, ಬೈನೆ ಸಿಗಿಯಲಿ,
ಮರೆಯದಿರಲಿ ಅಂತ.
ನನ್ನ ಟೋಪಿಗಳನ್ನು ಯಾರೂ ಕಾಡಿಗೆ ಬಿಡಲಿಲ್ಲ.

ಮೊದಲ ಸೀಸೆ ತುಂಬಿತು. ಆಮೇಲೆ ಸೂಜಿಮದ್ದು.
"ಇದು ಔಷಧಿ ಅಲ್ಲ ಅಂಕಲ್, ಕೂಗು," ಎಂದಳು ಹುಡುಗಿ.
"ಮೆದುಳು ಕೂಗೋ ಹಾಗೇ ಕೂಗುತ್ತೆ.
ಓಗೊಡ್ತಾವಾ ನೋಡೋದು.
ಅರ್ಧ ಗಂಟೆಗೆ ಒಂದು ಸೀಸೆ, ಒಂದು ಗಂಟೆಗೆ ಇನ್ನೊಂದು."

ಈ ಕೆಲಸ ನನಗೆ ಗೊತ್ತು.
ಇಬ್ಬನಿಯಲ್ಲಿ ಸರಪಳಿ ಎಳೆದ ಗೆರೆ ಹಿಡಿದು ಹೋಗಿ,
ಗೆರೆ ಹಳ್ಳದಲ್ಲಿ ಮುಳುಗಿದಲ್ಲಿ ನಿಂತು,
ಬಾಯಿಗೆ ಕೈಯಿಟ್ಟು ಒಂದು ಸಲ, ಒಂದೇ ಸಲ ಕೂಗುವುದು.
ಎರಡನೇ ಸಲ ಕೂಗಿದರೆ ಅವಳಿಗೆ ಸಿಟ್ಟು.
ಆಮೇಲೆ ಕಾಯುವುದು.
ಎಲ್ಲೋ ಒಂದು ಕೊಂಬೆ ಲಟಕ್ಕೆನ್ನುತ್ತದೆ.
ಅಥವಾ ಅನ್ನುವುದಿಲ್ಲ.

ಬೆಂಚಿನ ಮೇಲೆ ಕೂತು, ಪಕ್ಕೆಲುಬು ಮುಗಿಯುವಲ್ಲಿ ಕೈಯಿಟ್ಟು,
ಒಳಗೆ ಕಿವಿಗೊಟ್ಟೆ.
ಗೋಡೆ ಗಡಿಯಾರ. ಯಾರದೋ ಮಗುವಿನ ಚೀರಾಟ.
ಎದುರು ಹೋಟೆಲಿನ ದೋಸೆ ಕಾವಲಿಯ ವಾಸನೆಗೆ
ತುಸು ಹಸಿವಾಯಿತು.
ಇದು ಓಗೊಟ್ಟದ್ದೋ, ಬರೀ ಹಸಿವೋ?

ಸಂಜೆಗೆ ಕಾಗದ ಬಂತು: ಮೂರು, ಎಂಟು, ಹನ್ನೊಂದು.
ಹದಿನೆಂಟು ದಾಟಬೇಕಿತ್ತಂತೆ.
"ಸತ್ತಿಲ್ಲ," ಎಂದರು ಡಾಕ್ಟರ್, "ನಿದ್ದೆ.
ಏಳಲು ತಿಂಗಳು ಹಿಡಿದೀತು, ವರ್ಷವೂ ಹಿಡಿದೀತು.
ಪಂಪು ಒಮ್ಮೆಗೇ ಬಿಟ್ಟೀರಿ, ಜೋಕೆ. ಒಂದೊಂದೇ ಎಳೆತ ಇಳಿಸೋಣ.
ಅಲ್ಲಿವರೆಗೆ ಬೆಳಿಗ್ಗೆ ಈ ಮಾತ್ರೆ. ಜ್ವರ ಬಂದರೆ ಎರಡರಷ್ಟು.
ವಾಂತಿ ನಿಲ್ಲದಿದ್ದರೆ ಸೀದಾ ಆಸ್ಪತ್ರೆ.
ಈ ಚೀಟಿ ಜೇಬಲ್ಲೇ ಇರಲಿ,
ನೀವು ಮಾತಾಡಲಾರದಾಗ ಅದು ಮಾತಾಡುತ್ತೆ."

ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತು ರೂಪಾಯಿ ಕೊಟ್ಟು
ಚೀಟಿಗೆ ಪ್ಲಾಸ್ಟಿಕ್ ಹೊದಿಸಿಕೊಂಡೆ. ತೊರೆಗಿಳಿಯುವ ಕೆಲಸ ನಮ್ಮದು.

ಹನ್ನೊಂದು. ಜೈಬುನ್ನಿಸಾ ಬೆರಳು ಮಡಿಸಿ ಇನ್ನೆಷ್ಟು ಬೇಕು ಎಂದು ಎಣಿಸಿದಳು.
ನಾನು ಎಣಿಸಲಿಲ್ಲ.
ಕಸ್ತೂರಿಯೂ ಮೊದಲ ವರ್ಷ, ಕೂಗಿದರೆ,
ಅರ್ಧ ದಾರಿಗೆ ಬಂದು ನಿಲ್ಲುತ್ತಿದ್ದಳು,
ನನಗೆ ಬೆನ್ನು ಹಾಕಿ,
ಕಿವಿ ಮಾತ್ರ ಇತ್ತ ತಿರುಗಿಸಿ.